ತಲೆ ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ತಮ್ಮನಿಗೆ ಯಾರದೋ ಮಾತು ಕೇಳುತ್ತದೆ

ಪ್ರಶ್ನೆ (ಶಿರಸಿ ಹತ್ತಿರದ ಊರು, ಹೆಸರು ಬೇಡ):
ಡಾಕ್ಟ್ರೇ, ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದು ಆರೇಳು ತಿಂಗಳಾಯ್ತು. ಮೆತ್ತಿನಿಂದ ಕೆಳಗೆ ಇಳಿಯುವುದೇ ಇಲ್ಲ. ಸ್ನಾನ ಮಾಡು ಅಂದರೂ ಸಿಟ್ಟು. ಅಡಿಕೆ ಕೊನೆ ಕೊಯ್ಯಲು ಬಂದವರು ತನ್ನನ್ನೇ ಆಡಿಕೊಳ್ಳುತ್ತಾರೆ ಅನ್ನುತ್ತಾನೆ. ಅವರೆಲ್ಲ ಹೋದ ಮೇಲೆ, ರಾತ್ರಿಯೂ ಅವರ ಮಾತು ಕೇಳುತ್ತದಂತೆ. ವಾರ್ತೆ ಓದುವವರು ತನ್ನ ವಿಷಯವನ್ನೇ ಹೇಳುತ್ತಾರೆ ಎಂದು ಟಿವಿ ವಯರ್ ಕಿತ್ತಿಟ್ಟಿದ್ದಾನೆ. ದೇವಸ್ಥಾನದಲ್ಲಿ ಪ್ರಸಾದ ಕೇಳಿದ್ದಾಯ್ತು, ತಾಯಿತ ಕಟ್ಟಿದ್ದಾಯ್ತು. ತಲೆ ಸ್ಕ್ಯಾನ್ ಮಾಡಿಸಿದೆವು, ನಾರ್ಮಲ್. ಮದುವೆ ಮಾಡಿದರೆ ಸರಿಯಾಗ್ತಾನೆ ಅಂತ ಆಯಿ. ಅಪ್ಪ ಬೈದು ಬೈದು ಹೀಗಾಯ್ತು ಅಂತ ಅತ್ತೆ. ಇದು ಸ್ಕಿಜೋಫ್ರೇನಿಯಾ ಇರಬಹುದಾ? ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದಮೇಲೆ ಏನೂ ಇಲ್ಲ ಅಲ್ವಾ?

ಉತ್ತರ (ಮನೋವೈದ್ಯೆ, ಕಾರವಾರ):
ಇರಬಹುದು. ನೋಡದೆ ಹೆಸರಿಡಲು ನನಗೆ ಬರುವುದಿಲ್ಲ. ಆದರೆ ಈ ವಾರವೇ ಮನೋವೈದ್ಯರಿಗೆ ತೋರಿಸಿ.

ಮೊದಲು ಸ್ಕ್ಯಾನ್ ವಿಷಯ. ಸ್ಕಿಜೋಫ್ರೇನಿಯಾವನ್ನು ಇದೇ ಅಂತ ತೋರಿಸುವ ಸ್ಕ್ಯಾನೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಗಡ್ಡೆ, ಫಿಟ್ಸ್, ಮೆದುಳಿನ ಉರಿಯೂತ, ಥೈರಾಯ್ಡ್, ಬಿ12 ಕೊರತೆ ಅಥವಾ ನಶೆಯಿಂದಲೂ ಕೆಲವೊಮ್ಮೆ ಹೀಗೇ ಕಾಣುತ್ತದೆ. ಅವು ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಪರೀಕ್ಷೆ. ನಿಮ್ಮ ಸ್ಕ್ಯಾನ್ ಅಷ್ಟನ್ನೇ ಹೇಳಿದೆ, ಅದೂ ಅರ್ಧ. ಜನ ಸ್ಕ್ಯಾನಿಗೆ ಸಾಲ ಮಾಡುತ್ತಾರೆ, ಡಾಕ್ಟರ ಜೊತೆ ಒಂದು ತಾಸು ಕೂತು ಮಾತಾಡಲು ಮಾತ್ರ ಹಿಂಜರಿಯುತ್ತಾರೆ. ಈ ಕಾಯಿಲೆ ಗೊತ್ತಾಗುವುದೇ ಆ ಮಾತಿನಲ್ಲಿ.

ನಾವು ಏನು ಕೇಳುತ್ತೇವೆ? ಎದುರಿಗೆ ಯಾರೂ ಇಲ್ಲದಾಗ ಮಾತು ಕೇಳುತ್ತದಾ? ಒಬ್ಬರದಾ, ಇಬ್ಬರು ಸೇರಿ ಇವನ ಬಗ್ಗೆ 'ಅವನು ಹೀಗೆ, ಹಾಗೆ' ಅಂತಾರಾ? ತನ್ನ ಯೋಚನೆ ಬೇರೆಯವರಿಗೆ ಗೊತ್ತಾಗುತ್ತಿದೆ ಅನ್ನಿಸುತ್ತದಾ? ಮಾತು ಒಂದಕ್ಕೊಂದು ಸಂಬಂಧವಿಲ್ಲದೆ ಜಾರುತ್ತದಾ? ನೀವು ಬರೆದ ಟಿವಿಯ ಸಂಗತಿಯನ್ನು ನಾನು ತುಂಬ ಗಮನವಿಟ್ಟು ಓದಿದೆ. ಯಾರು ಎಷ್ಟು ಸಮಾಧಾನ ಹೇಳಿದರೂ ಕದಲದ ಇಂಥ ನಂಬಿಕೆಯೇ ಭ್ರಮೆ.

ಮನೆಯವರ ಕಣ್ಣಿಗೆ ಬೀಳದ ಇನ್ನೊಂದು ಬದಿ ಇದೆ. ಮೆತ್ತಿನಿಂದ ಇಳಿಯದಿರುವುದು, ಸ್ನಾನ ಬಿಡುವುದು, ಗೆಳೆಯರು ಬೇಡವಾಗುವುದು, ಮುಖದಲ್ಲಿ ಭಾವನೆಯೇ ಕಾಣದಿರುವುದು. ಇದನ್ನು ಎಲ್ಲರೂ ಸೋಮಾರಿತನ ಅನ್ನುತ್ತಾರೆ. ಎಷ್ಟೋ ಜನರಲ್ಲಿ ಮಾತು ಕೇಳಿಸುವ ಮೊದಲೇ, ತಿಂಗಳುಗಟ್ಟಲೆ ಇದು ನಡೆದಿರುತ್ತದೆ. ಕೆಲಸ ಬಿಡುವ ಮುಂಚೆ ಅವನು ಹೇಗಿದ್ದ ಎಂದು ರೂಮಿನಲ್ಲಿದ್ದ ಗೆಳೆಯರನ್ನು ಕೇಳಿ, ಬರೆದುಕೊಂಡು ಬನ್ನಿ. ನಿಮ್ಮ ರಿಪೋರ್ಟಿಗಿಂತ ಅದು ನಮಗೆ ಹೆಚ್ಚು ಉಪಯೋಗ.

ದಿನದ ಲೆಕ್ಕವೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಇಂಥ ಮುಖ್ಯ ಲಕ್ಷಣಗಳು ಒಂದು ತಿಂಗಳಾದರೂ ಇರಬೇಕು. ಅಮೆರಿಕದವರ ಪಟ್ಟಿಯಲ್ಲಿ ಒಟ್ಟು ತೊಂದರೆ 6 ತಿಂಗಳು. ಹಾಗಂತ ಹೆಸರು ಗಟ್ಟಿಯಾಗಲಿ ಎಂದು ಚಿಕಿತ್ಸೆಗೆ ಕಾಯುವುದಿಲ್ಲ. ತಡವಾದಷ್ಟೂ ಗುಣ ಕಾಣುವುದು ಕಷ್ಟ.

ಪ್ರಸಾದ ಕೇಳಿದ್ದಕ್ಕೆ ನನ್ನ ತಕರಾರಿಲ್ಲ. ಜಾತ್ರೆಯ ದಿನ ಮೈಮೇಲೆ ಭಾರ ಬಂದು, ಮರುದಿನ ಎಂದಿನಂತೆ ಗದ್ದೆಗೆ ಹೋಗುವವರನ್ನು ನಾವು ರೋಗಿ ಅನ್ನುವುದೂ ಇಲ್ಲ. ತಾಯಿತ ಇರಲಿ, ಮಾತ್ರೆಯೂ ಇರಲಿ.

ಕಾರಣ ಕೇಳಿದಿರಿ. ಅಪ್ಪನ ಬೈಗುಳದಿಂದ ಸ್ಕಿಜೋಫ್ರೇನಿಯಾ ಬರುವುದಿಲ್ಲ. ಅತ್ತೆಗೆ ಇದನ್ನು ಓದಿ ಹೇಳಿ. ಬಂದ ಮೇಲೆ ದಿನವೂ ಬೈಗುಳ, ಕೊಂಕು ನಡೆದರೆ ಕಾಯಿಲೆ ಮರುಕಳಿಸುವುದು ಜಾಸ್ತಿ, ಅದು ನಿಜ. ವಂಶವಾಹಿಯ ಪಾಲು ದೊಡ್ಡದು, ಆದರೆ ಅದೊಂದೇ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಅರ್ಧದಷ್ಟು ಸಲವೂ ಬರುವುದಿಲ್ಲ. ಹುಟ್ಟುವ ಹೊತ್ತಿನ ತೊಂದರೆ, ಎಳೆಯ ವಯಸ್ಸಿನ ಗಾಂಜಾ, ತೀರಾ ಒತ್ತಡ ಇವೆಲ್ಲ ಸೇರುತ್ತವೆ. ಮೆದುಳಿನ ಡೋಪಮಿನ್ ಎಂಬ ರಾಸಾಯನಿಕದ ಏರುಪೇರೂ ಇದೆ. ಹೆಚ್ಚಿನ ಮಾತ್ರೆಗಳು ಕೆಲಸ ಮಾಡುವುದು ಅದರ ಮೇಲೆಯೇ.

ಮದುವೆ ಮಾತ್ರ ಖಂಡಿತ ಬೇಡ, ಈಗ ಬೇಡ. ಅದು ಔಷಧಿ ಅಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ ಇನ್ನೊಬ್ಬರ ಮನೆಯ ಹುಡುಗಿಗೂ ಅನ್ಯಾಯ.

ಕುಮಟಾದಿಂದ ಒಬ್ಬರು: ಒಬ್ಬನೊಳಗೆ ಇಬ್ಬರು ಇರುವ ಕಾಯಿಲೆ ಇದೇ ಅಲ್ವಾ ಮೇಡಂ? ಗಾಂಜಾ ಸೇದಿದವರಿಗೆಲ್ಲ ಬರುತ್ತದಾ?

ಉತ್ತರ: ಅಲ್ಲ, ಅದು ಬೇರೆಯೇ. ಗಾಂಜಾ ಸೇದಿದವರಿಗೆಲ್ಲ ಬರುವುದಿಲ್ಲ. ಆದರೆ ಹದಿಹರೆಯದಲ್ಲಿ ಶುರುಮಾಡಿ ದಿನವೂ ಸೇದುವವರಲ್ಲಿ ಅಪಾಯ ಹೆಚ್ಚು.

ಹೊನ್ನಾವರದಿಂದ ಒಬ್ಬರು: ನಮ್ಮ ಅಪ್ಪನಿಗೆ ಇತ್ತು. ನನಗೀಗ 36. ರಾತ್ರಿ ಗಾಳಿಗೆ ಬಾಗಿಲು ಬಡಿದರೂ ಹೆದರಿಕೆ, ನನಗೂ ಶುರುವಾಯ್ತಾ ಅಂತ.

ಉತ್ತರ: ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಬರಬಹುದು. ಉಳಿದ ಒಂಬತ್ತು ಜನರಿಗೆ ಇಲ್ಲ. ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಸ್ವಲ್ಪ ತಡ. ನೀವು ಆ ವಯಸ್ಸನ್ನು ಬಹುಪಾಲು ದಾಟಿದ್ದೀರಿ. ಬಾಗಿಲ ಸದ್ದಿಗೆ ಬೆಚ್ಚುವುದು ಈ ಕಾಯಿಲೆ ಅಲ್ಲ. ಆದರೆ ಆ ಹೆದರಿಕೆ ನಿದ್ದೆ ಕೆಡಿಸುತ್ತಿದ್ದರೆ ಒಮ್ಮೆ ಬಂದು ಮಾತಾಡಿ.

ಮತ್ತೆ ಶಿರಸಿಯವರು: ಮೇಡಂ, ಅವನು ಬರುವುದೇ ಇಲ್ಲ. ನನಗೇನಾಗಿದೆ, ನಿಮಗೇ ತಲೆ ಕೆಟ್ಟಿದೆ ಅಂತಾನೆ.

ಉತ್ತರ: ಹಟ ಅಂದುಕೊಳ್ಳಬೇಡಿ. ತನಗೆ ಕಾಯಿಲೆ ಇದೆ ಎಂಬ ಅರಿವೇ ಇರದಿರುವುದು ಈ ಕಾಯಿಲೆಯ ಭಾಗ. ಮಾತು ಕೇಳುವುದು ಸುಳ್ಳು ಎಂದು ವಾದಿಸಬೇಡಿ, ಹೌದು ಎಂದು ತಲೆಯಾಡಿಸಲೂ ಬೇಡಿ. 'ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು' ಅನ್ನಿ. ನಿದ್ದೆ ಬರುತ್ತಿಲ್ಲ ಎಂದು ಅವನೇ ಹೇಳಿದರೆ, ಅದಕ್ಕೆ ತೋರಿಸೋಣ ಎಂದು ಕರೆಯಿರಿ. ಮಾತ್ರೆಯನ್ನು ಗುಟ್ಟಾಗಿ ಊಟದಲ್ಲಿ ಬೆರೆಸಬೇಡಿ. ಗೊತ್ತಾದ ದಿನ ಅವನ ಸಂಶಯಕ್ಕೆ ನೀವೇ ಸಾಕ್ಷಿ ಕೊಟ್ಟಂತಾಗುತ್ತದೆ.

ಅವನು ಬರದಿದ್ದರೆ ಮೊದಲು ನೀವು ಹೋಗಿ. ತಾಲೂಕು ಆಸ್ಪತ್ರೆಗೆ ಫೋನ್ ಮಾಡಿ, ಮನೋವೈದ್ಯರು ಬರುವ ದಿನ ಯಾವುದು ಕೇಳಿ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆ, ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಸಾಯು, ಹೊಡಿ ಎಂದು ಆ ಮಾತುಗಳು ಹೇಳುತ್ತಿವೆ ಅಂತ ಗೊತ್ತಾದರೆ, ಊಟ ನೀರು ಬಿಟ್ಟರೆ, ಯಾವ ಕ್ಲಿನಿಕ್ ದಿನವನ್ನೂ ಕಾಯಬೇಡಿ. ಅವತ್ತೇ ಆಸ್ಪತ್ರೆ. ಈಗಲೇ ಮೆತ್ತಿನಲ್ಲಿ ಕತ್ತಿ, ತೋಟಕ್ಕೆ ಹೊಡೆಯುವ ಔಷಧಿ ಇದ್ದರೆ ಅಲ್ಲಿಂದ ತೆಗೆದಿಡಿ.