ಅಪ್‌ಡೇಟ್: ಬಾಗಿಲ ಮೂಲೆಯ ಬಿರುಕಿಗೆ ಕೊನೆಗೂ ಕಾರಣ ಸಿಕ್ಕಿತು

ಮಲಗುವ ಕೋಣೆಯ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ, ಬಾಗಿಲೂ ಬಿಗಿಯಾಗಿದೆ, ಇದು ಪಾಯದ ತೊಂದರೆಯಾ ಅಂತ 4 ತಿಂಗಳ ಹಿಂದೆ ಕೇಳಿದ್ದೆ. ಹೌದು, ಪಾಯದ್ದೇ. ಆದರೆ ನಾನು ಹೆದರಿದಷ್ಟು ದೊಡ್ಡದಲ್ಲ.

ನೀವು ಹೇಳಿದ ಹಾಗೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದೆ. ಮೊದಲ ತಿಂಗಳು ಏನೂ ಆಗಲಿಲ್ಲ. ಸುಮ್ನೆ ತಲೆ ಕೆಡಿಸಿಕೊಂಡೆ ಅಂದುಕೊಂಡೆ. ಎರಡನೇ ತಿಂಗಳ ಕೊನೆಗೆ ನೋಡಿದರೆ ಬಿರುಕು ಗೆರೆ ದಾಟಿ ಎರಡು ಬೆರಳಗಲ ಮುಂದೆ ಹೋಗಿತ್ತು. ಕೆಳಗೆ ಕೂದಲೆಳೆಯಷ್ಟು, ಮೇಲೆ ನಾಣ್ಯ ತೂರುವಷ್ಟು ಅಗಲ. ಅದೇ ಗೋಡೆಯ ಹೊರಗೆ, ಇಟ್ಟಿಗೆ ಸಂದಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇನ್ನೊಂದು ಬಿರುಕು. ಗಿಡ ಅಡ್ಡ ಇತ್ತು, ಇಷ್ಟು ದಿನ ಕಂಡಿರಲಿಲ್ಲ.

ಬಂದ ಸ್ಟ್ರಕ್ಚರಲ್ ಎಂಜಿನಿಯರ್ ಬಿರುಕಿಗಿಂತ ಜಾಸ್ತಿ ಹೊತ್ತು ನೋಡಿದ್ದು ತಾರಸಿಯ ನೀರಿನ ಪೈಪನ್ನು. ಅದು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿತ್ತು. ನಮ್ಮದು ಜೇಡಿಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ, ನೀರು ಬೀಳುತ್ತಿದ್ದ ಮನೆಯ ಆ ಒಂದು ಮೂಲೆ ಮಾತ್ರ ಕುಸಿದಿದೆ. ಹಾಲ್‌ನಲ್ಲಿರುವ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಗಾರೆ ಒಣಗುವಾಗ ಆದವು, ಬಿಡಿ ಅಂದರು. ನಾನು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದು ಅವನ್ನು ನೋಡಿಯೇ ಅಲ್ವಾ!

ಪೈಪನ್ನು ದೂರಕ್ಕೆ ಒಯ್ದು, ಗೋಡೆ ಪಕ್ಕದ ಮಣ್ಣಿಗೆ ಹೊರಕ್ಕೆ ಇಳಿಜಾರು ಕೊಟ್ಟಾಯ್ತು. ಬಿರುಕು ಮುಚ್ಚುವುದು ಒಂದು ಮಳೆ, ಒಂದು ಬೇಸಿಗೆ ಕಳೆದ ಮೇಲೆ. ಅಲ್ಲಿಯವರೆಗೆ ಬಾಗಿಲನ್ನು ಹೆರೆಸಬೇಡಿ ಅಂದಿದ್ದಾರೆ. ಬಿಗಿ ಹೆಚ್ಚುತ್ತಿದೆಯಾ ಅಂತ ಅದರಿಂದಲೂ ಗೊತ್ತಾಗುತ್ತದಂತೆ. ಸದ್ಯಕ್ಕೆ ದಿನಾ ಭುಜ ಕೊಟ್ಟು ತಳ್ಳುತ್ತಿದ್ದೇನೆ.