ಮಲ್ಟಿಟೂಲ್ ಕೆಸರಿಗೆ ಬಿದ್ದು ಬಿಗಿದುಕೊಂಡಿದೆ, ಚಾಕುವಿನ ಮೊನೆಯೂ ಮುರಿದಿದೆ. ಮನೆಯಲ್ಲೇ ಸರಿ ಮಾಡಬಹುದಾ?

ನಿಟುವಳ್ಳಿ ಲೈನ್‌ಮನ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಇಂಟರ್ನೆಟ್ ಕೇಬಲ್ ಎಳೆಯುವ ಕೆಲಸ ಮಾಡುತ್ತೇನೆ. ಆರು ವರ್ಷದಿಂದ ಸೊಂಟದಲ್ಲಿ ಒಂದು ಮಲ್ಟಿಟೂಲ್ ಇದೆ. ಪ್ಲೇಯರ್, ಚಾಕು, ಗರಗಸ, ಎರಡು ಸ್ಕ್ರೂಡ್ರೈವರ್, ಅರ, ಎಲ್ಲಾ ಒಂದರಲ್ಲೇ. ಕಂಬದ ಮೇಲೆ ನಿಂತಾಗ ಇದೊಂದು ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆರು ವರ್ಷದ ಹಿಂದೆ ಎರಡು ತಿಂಗಳ ಓವರ್‌ಟೈಮ್ ದುಡ್ಡು ಕೂಡಿಟ್ಟು ತಗೊಂಡಿದ್ದು.

ಕಳೆದ ತಿಂಗಳು ಭದ್ರಾ ನಾಲೆ ಪಕ್ಕದ ಗದ್ದೆ ಬದುವಿನಲ್ಲಿ ಲೈನ್ ಎಳೆಯುವಾಗ ಕೈಜಾರಿ ಕೆಸರಿಗೆ ಬಿತ್ತು. ಹುಡುಕಿ ತೆಗೆಯುವಷ್ಟರಲ್ಲಿ ಕತ್ತಲಾಗಿತ್ತು. ಪ್ಯಾಂಟಿಗೆ ಒರೆಸಿ ಬೈಕಿನ ಬಾಕ್ಸಿಗೆ ಹಾಕಿದೆ. ವಾರ ಬಿಟ್ಟು ನೋಡಿದರೆ ಪ್ಲೇಯರ್ ಎರಡು ಕೈಯಲ್ಲಿ ಎಳೆದರೂ ಸರಿಯಾಗಿ ತೆರೆಯುತ್ತಿಲ್ಲ. ಸಂದಿಯಲ್ಲಿ ಕಂದು ಬಣ್ಣದ ತುಕ್ಕಿನ ಚುಕ್ಕೆಗಳು. ಚಾಕುವಿನ ಮೊನೆ ಅದಕ್ಕೂ ಮೊದಲೇ ಮುರಿದಿತ್ತು, ಸುಮಾರು 4 ಮಿಲಿಮೀಟರ್. ಜಂಕ್ಷನ್ ಬಾಕ್ಸಿನ ಮುಚ್ಚಳ ಅದರಿಂದ ಮೀಟಿದ್ದು ನನ್ನದೇ ತಪ್ಪು. ತಂತಿ ಕತ್ತರಿಸುವ ಜಾಗದಲ್ಲೂ ಎರಡು ಕಚ್ಚು ಬಿದ್ದಿವೆ, ಕೇಬಲ್ ಒಳಗಿನ ಉಕ್ಕಿನ ತಂತಿ ಕತ್ತರಿಸಿ ಕತ್ತರಿಸಿ.

ಕೊಬ್ಬರಿ ಎಣ್ಣೆ ಬಿಟ್ಟು ನೋಡಿದೆ, ಒಂದು ದಿನ ಸಡಿಲ ಆಯಿತು, ಮತ್ತೆ ಬಿಗಿಯಾಯಿತು. ಬಿಚ್ಚೋಣ ಅಂದರೆ ಸ್ಕ್ರೂ ನಕ್ಷತ್ರದ ಆಕಾರದ್ದು, ನಡುವೆ ಒಂದು ಸಣ್ಣ ಕಡ್ಡಿ ಇದೆ, ನನ್ನ ಬಿಟ್ ಒಳಗೆ ಹೋಗುವುದಿಲ್ಲ. ಮಂಡಿಪೇಟೆಯಲ್ಲಿ ಇಬ್ಬರನ್ನು ಕೇಳಿದೆ, ಹೊಸದು ತಗೊಳ್ಳಿ ಅಂದರು. ನನಗೆ ಮನಸ್ಸಿಲ್ಲ. ಗೊತ್ತಿರುವವರು ದಾರಿ ಹೇಳಿ.

ಚಳ್ಳಕೆರೆ ಟೈಲರ್

ತಮ್ಮಾ, ನಾನು ಬಟ್ಟೆ ಹೊಲಿಯುವವಳು. ಮಲ್ಟಿಟೂಲ್ ನನಗೆ ಗೊತ್ತಿಲ್ಲ, ಆದರೆ ಕತ್ತರಿ ಮತ್ತು ಮಷಿನ್ ಗೊತ್ತು. ಕೆಸರು ಒಳಗಿರುವಾಗಲೇ ಎಣ್ಣೆ ಬಿಟ್ಟಿದ್ದೀರಿ ಅಲ್ವಾ? ಮಣ್ಣು ಎಣ್ಣೆ ಸೇರಿದರೆ ಸಾಣೆ ಹಿಡಿಯುವ ಹಿಟ್ಟಿನ ಹಾಗೆ. ಪ್ರತಿ ಸಲ ತೆರೆದು ಮುಚ್ಚಿದಾಗ ಅದು ಕಬ್ಬಿಣವನ್ನೇ ತಿನ್ನುತ್ತದೆ. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್. ನೀರು ತಿಳಿಯಾಗಿ ಬರುವ ತನಕ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ತೊಟ್ಟು ಸಾಕು.

ನಮ್ಮೂರು ಕಡಲೆಕಾಯಿ ಎಣ್ಣೆಗೆ ಹೆಸರಾದದ್ದು, ಆದರೂ ಅಡಿಗೆ ಎಣ್ಣೆ ಯಾವುದನ್ನೂ ಮಷಿನ್‌ಗೆ ಹಾಕಬೇಡಿ. ದಿನ ಕಳೆದಂತೆ ಅಂಟು ಕಟ್ಟುತ್ತದೆ.

ತುಕ್ಕಿಗೆ ನಾವು ಹುಣಸೆಹಣ್ಣು ಹಚ್ಚುತ್ತೇವೆ. ಅತ್ತೆಯ ಅಡಕತ್ತರಿಯನ್ನು ಹಾಗೇ ತಿಕ್ಕಿ ಬೆಳ್ಳಗೆ ಮಾಡಿದ್ದೆ. ರಾತ್ರಿಯೆಲ್ಲಾ ನೆನೆಸಿಡಿ.

ಹರಿಹರ ಲೇತ್

ಅಕ್ಕ ಹೇಳಿದ್ದು ಸರಿ, ಕೊನೆಯ ಮಾತೊಂದು ಬಿಟ್ಟು. ಹುಣಸೆ ಹುಳಿ ತುಕ್ಕು ತೆಗೆಯುತ್ತದೆ, ಆದರೆ ರಾತ್ರಿಯೆಲ್ಲಾ ಬಿಟ್ಟರೆ ಒಳ್ಳೆಯ ಉಕ್ಕನ್ನೂ ತಿನ್ನಲು ಶುರು ಮಾಡುತ್ತದೆ, ಸಂದಿಯಲ್ಲಿ ಸೇರಿದ ಹುಳಿ ಹೊರಗೆ ಬರುವುದೂ ಇಲ್ಲ. ಹತ್ತು ನಿಮಿಷ ಹಚ್ಚಿ ಉಜ್ಜಿ, ಅಡಿಗೆ ಸೋಡಾ ಕಲಸಿದ ನೀರಲ್ಲಿ ತೊಳೆಯಿರಿ.

ನಾನು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ಕೈ ಪಳಗಿಸಿದವನು. ಈಗ ಮನೆ ಹಿಂದೆ ಒಂದು ವೈಸ್, ಒಂದು ಬೆಂಚ್ ಗ್ರೈಂಡರ್ ಇದೆ, ಅಷ್ಟೇ. ತಮ್ಮಾ, ನಿಮ್ಮ ಟೂಲ್ ಹಾಳಾಗಿಲ್ಲ. ಬಿಗಿಯಾದದ್ದು ಬೇರೆ, ಮುರಿದದ್ದು ಬೇರೆ. ನಿಮ್ಮದು ಮುಕ್ಕಾಲು ಪಾಲು ಬಿಗಿತವೇ.

ಮೊದಲು ಒಂದು ವಿಷಯ. ವಾರಂಟಿ ಪೇಪರ್ ಇದ್ದರೆ ಓದಿ. ಲೆದರ್‌ಮನ್‌ನಂಥ ಕಂಪನಿ 25 ವರ್ಷ ಕೊಡುತ್ತದೆ. ನಿಮ್ಮದಕ್ಕೆ ಏನಾದರೂ ಉಳಿದಿದ್ದರೆ ಬಿಚ್ಚುವ ಮೊದಲು ಅವರನ್ನು ಕೇಳಿ.

ಉಳಿದಿಲ್ಲ ಅಂದರೆ ಬಿಚ್ಚೋಣ. ಆ ಸ್ಕ್ರೂಗೆ ತಲೆಯಲ್ಲಿ ತೂತಿರುವ ಟಾರ್ಕ್ಸ್ ಬಿಟ್ ಬೇಕು. ಹೆಚ್ಚಾಗಿ ಟಿ8 ಅಥವಾ ಟಿ10 ಇರುತ್ತದೆ. ಸ್ವಲ್ಪವೂ ಅಲ್ಲಾಡದೆ ಕೂರುವ ಸೈಜನ್ನೇ ಹಾಕಿ. ಒಂದು ಸೈಜು ಸಣ್ಣದು ಹಾಕಿ ತಿರುಗಿಸಿದರೆ ನಕ್ಷತ್ರ ಸವೆದು ಗುಂಡಗಾಗುತ್ತದೆ. ಆಮೇಲೆ ಕೊರೆದೇ ತೆಗೆಯಬೇಕು.

ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ. ಒಂದೊಂದು ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ. ನಡುನಡುವೆ ಕಾಗದದಷ್ಟು ತೆಳು ವಾಷರ್ ಇರುತ್ತವೆ. ಕಂಚಿನವಾದರೆ ಬಿದ್ದಾಗ ಅಯಸ್ಕಾಂತಕ್ಕೆ ಸಿಗುವುದಿಲ್ಲ. ನಾನು ಒಂದು ವಾಷರ್‌ಗಾಗಿ ಇಡೀ ಅಂಗಳ ಗುಡಿಸಿದ್ದೇನೆ.

ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ. ಸಿಗದಿದ್ದರೆ ಡೀಸೆಲ್ ಸಾಕು. ಒಲೆ, ಬೀಡಿ ಹತ್ತಿರ ಮಾತ್ರ ಬೇಡ.

ಈಗ ಚಾಕು. ಎಲ್ಲರೂ ಮಾಡುವ ತಪ್ಪು ಏನಂದರೆ, ಮೊನೆ ಮುರಿದರೆ ಬಾಯಿ, ಅಂದರೆ ಹರಿತದ ಅಂಚಿನ ಕಡೆಯಿಂದ ತಿಕ್ಕಿ ಹೊಸ ಮೊನೆ ತರಲು ಹೋಗುವುದು. ಬೆನ್ನಿನ ಕಡೆಯಿಂದ ತಿಕ್ಕಿ. ಬೆನ್ನನ್ನು ಇಳಿಜಾರು ಮಾಡಿ ಬಾಯಿಯ ಗೆರೆಗೆ ತಂದು ಕೂಡಿಸಿದರೆ ಮೊನೆ ತಾನಾಗಿ ಬರುತ್ತದೆ, ಬಾಯಿಯ ಹರಿತ ಹಾಗೇ ಉಳಿಯುತ್ತದೆ, ಮಡಚಿದಾಗ ಮೊನೆ ಹೊರಗೆ ಚಾಚುವುದಿಲ್ಲ. ತಿಕ್ಕುವ ಮೊದಲು ಚಾಕುವಿನ ಬಾಯಿಗೆ ದಪ್ಪ ಟೇಪ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ಗ್ರೈಂಡರ್ ಮುಂದೆ ಗ್ಲೌಸ್ ಬೇಡ, ಚಕ್ರ ಎಳೆದುಕೊಳ್ಳುತ್ತದೆ. ಬರಿಗೈಯಲ್ಲೇ ಹಿಡಿಯಿರಿ, ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಲ್ಲಿ ಅದ್ದಿ. ಎರಡು ಸೆಕೆಂಡ್ ತಿಕ್ಕು, ಅದ್ದು, ಎರಡು ಸೆಕೆಂಡ್ ತಿಕ್ಕು, ಅದ್ದು. ಮೊನೆ ತೆಳು, ಬೇಗ ಕಾಯುತ್ತದೆ. ಮೊದಲು ಒಣಹುಲ್ಲಿನ ಹಳದಿ ಬಣ್ಣ ಬರುತ್ತದೆ, ಆಮೇಲೆ ನೀಲಿ. ನೀಲಿ ಬಂತು ಅಂದರೆ ಆ ಜಾಗದ ಹದ ಹೋಯಿತು, ಎಷ್ಟು ಸಾಣೆ ಹಿಡಿದರೂ ನಿಲ್ಲುವುದಿಲ್ಲ. ಗ್ರೈಂಡರ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಒರಟು ಸಾಣೆಕಲ್ಲಿನ ಮೇಲೆ ನೀರು ಹಾಕಿ ಒಂದು ಗಂಟೆ ತಿಕ್ಕಿದರೆ 4 ಮಿಲಿಮೀಟರ್ ಬಂದೇ ಬರುತ್ತದೆ, ಹದ ಕೆಡುವ ಭಯವೂ ಇಲ್ಲ.

ತಂತಿ ಕತ್ತರಿಸುವ ಕಚ್ಚನ್ನು ಮುಟ್ಟಬೇಡಿ. ಅಂಚು ತಿಕ್ಕಿ ಸಮ ಮಾಡಿದರೆ ಪ್ಲೇಯರ್ ಮೂತಿ ಮೊದಲು ಕೂಡುತ್ತದೆ, ಅಂಚುಗಳ ನಡುವೆ ಸಂದು ಉಳಿಯುತ್ತದೆ. ಆಮೇಲೆ ತೆಳು ತಾಮ್ರದ ತಂತಿಯೂ ತುಂಡಾಗುವುದಿಲ್ಲ, ಬಾಗಿ ಕೂರುತ್ತದೆ. ಎದ್ದು ನಿಂತ ಮುಳ್ಳನ್ನು ಮಾತ್ರ ಸಣ್ಣ ಅರದಲ್ಲಿ ತೆಗೆಯಿರಿ. ಉಕ್ಕಿನ ತಂತಿಗೆ ಬೇರೆ ಕಟರ್ ಇಟ್ಟುಕೊಳ್ಳಿ.

ಜೋಗಿಮಟ್ಟಿ ಗಾಳಿ

ನಾನು ಚಿತ್ರದುರ್ಗದಲ್ಲಿ ಗಾಳಿಯಂತ್ರಗಳ ಮೇಲೆ ಕೆಲಸ ಮಾಡುವವನು. ಯಜಮಾನ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜೋಡಿಸಿದ ಮೇಲೆ ಚಾಕುವಿನ ಲಾಕ್ ಪರೀಕ್ಷೆ ಮಾಡಿ. ಚಾಕು ತೆರೆದು, ಬೆರಳು ದಾರಿಯಲ್ಲಿ ಇಲ್ಲದ ಹಾಗೆ ಹಿಡಿದು, ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ಒತ್ತಿ. ಲಾಕ್ ಜಾರಿದರೆ ಆ ಚಾಕು ಬಳಸಲೇಬೇಡಿ, ಉಳಿದದ್ದು ಬಳಸಿ. ಕಂಬದ ಮೇಲೆ ಬೆರಳಿಗೆ ಮಡಚಿಕೊಂಡರೆ ಕೆಳಗೆ ಇಳಿಯುವುದೇ ಕಷ್ಟ. ಟೂಲ್‌ಗೆ ಒಂದು ದಾರವನ್ನೂ ಕಟ್ಟಿ. ನಮ್ಮಲ್ಲಿ ದಾರ ಇಲ್ಲದ ಟೂಲ್ ಮೇಲಕ್ಕೆ ಹೋಗುವುದೇ ಇಲ್ಲ, ಕೆಳಗೆ ಜನ ಇರುತ್ತಾರೆ.

ನಿಟುವಳ್ಳಿ ಲೈನ್‌ಮನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾರಂಟಿ ಪೇಪರ್ ಸಿಗಲಿಲ್ಲ. ಸೋಪಿನಲ್ಲಿ ತೊಳೆದೆ ಅಕ್ಕ, ಮೂರು ಸಲ ಬಕೆಟ್ ನೀರು ಕಪ್ಪಾಯಿತು. ಅಷ್ಟಕ್ಕೇ ಅರ್ಧ ಸಡಿಲ ಆಯಿತು. ಬಿಟ್ ಸೆಟ್ ತಂದೆ, ಟಿ8 ಕೂತಿತು. ಆದರೆ ಎರಡು ಸ್ಕ್ರೂ ಬಂದವು, ಮೂರನೆಯದು ಬರುತ್ತಿಲ್ಲ. ಸುತ್ತಿಗೆಯಲ್ಲಿ ತಟ್ಟಲಾ?

ಹರಿಹರ ಲೇತ್

ತಟ್ಟಬೇಡಿ. ಕಂಪನಿಯವರು ಅದಕ್ಕೆ ಸ್ಕ್ರೂ ಅಂಟು ಹಾಕಿರುತ್ತಾರೆ, ಅಲುಗಾಟಕ್ಕೆ ಬಿಚ್ಚದಿರಲಿ ಅಂತ. ಬಿಸಿಗೆ ಅದು ಮೆತ್ತಗಾಗುತ್ತದೆ. ನಿಮ್ಮ ಹತ್ತಿರ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇರಬೇಕಲ್ಲ, ಅದರ ತುದಿಯನ್ನು ಸ್ಕ್ರೂ ತಲೆಯ ಮೇಲೆ ಒಂದೆರಡು ನಿಮಿಷ ಇಡಿ. ಬಿಸಿ ಇರುವಾಗಲೇ ಬಿಟ್ ಕೂರಿಸಿ, ಅಂಗೈಯಿಂದ ಜೋರಾಗಿ ಒತ್ತಿ, ಒಂದೇ ಸಮ ತಿರುಗಿಸಿ. ಬೆಂಕಿ ಹಿಡಿಯಬೇಡಿ, ಚಾಕುವಿನ ಹದಕ್ಕೆ ತಾಗುತ್ತದೆ.

ವಾಪಸ್ ಹಾಕುವಾಗ ನೀಲಿ ಬಣ್ಣದ ಸ್ಕ್ರೂ ಅಂಟು ಒಂದು ಹನಿ ಸಾಕು, ಕೆಂಪು ಬೇಡ. ಪೂರ್ತಿ ಬಿಗಿ ಮಾಡಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ. ಪ್ಲೇಯರ್ ತನ್ನ ತೂಕಕ್ಕೇ ಮೆಲ್ಲಗೆ ಇಳಿಯಬೇಕು, ಆದರೆ ಪಕ್ಕಕ್ಕೆ ಅಲ್ಲಾಡಬಾರದು. ಆ ಒಂದು ಜಾಗ ಹುಡುಕುವುದಕ್ಕೆ ನನಗೆ ಈಗಲೂ ನಾಲ್ಕೈದು ಸಲ ಬೇಕು. ಅವಸರ ಮಾಡಬೇಡಿ.

ನಿಟುವಳ್ಳಿ ಲೈನ್‌ಮನ್

ಬಂತು ಯಜಮಾನ್ರೇ! ಐರನ್ ಇಟ್ಟು ಎರಡು ನಿಮಿಷಕ್ಕೆ ಟಕ್ ಅಂತ ಬಿಟ್ಟಿತು. ಒಳಗೆ ಕೆಸರು ಒಣಗಿ ಬಿಸ್ಕತ್ತಿನ ಹಾಗೆ ಕೂತಿತ್ತು, ಕಡ್ಡಿಯಲ್ಲಿ ಕೆರೆದು ತೆಗೆದೆ. ವಾಷರ್ ಆರು ಇದ್ದವು, ಆರೂ ಇವೆ. ಜೋಡಿಸುವಾಗ ಗರಗಸವನ್ನು ತಿರುವುಮುರುವು ಹಾಕಿದ್ದೆ, ಫೋಟೋ ನೋಡಿ ಮತ್ತೆ ಬಿಚ್ಚಿದೆ.

ಚಾಕುವನ್ನು ಗ್ರೈಂಡರ್‌ಗೆ ಕೊಡಲಿಲ್ಲ. ಎರಡು ಸಂಜೆ ಕೂತು ಸಾಣೆಕಲ್ಲಿನ ಮೇಲೆ ಬೆನ್ನು ತಿಕ್ಕಿದೆ. ಅಲಗು ಮೊದಲಿಗಿಂತ ಗಿಡ್ಡವಾಗಿದೆ, ಆದರೆ ಮೊನೆ ಬಂದಿದೆ. ನಿನ್ನೆ ಕೇಬಲ್ಲಿನ ಹೊರ ಸಿಪ್ಪೆಯನ್ನು ಒಂದೇ ಗೀಟಿಗೆ ಸೀಳಿತು. ಲಾಕ್ ಒತ್ತಿ ನೋಡಿದೆ, ಜಾರಲಿಲ್ಲ. ದಾರವನ್ನೂ ಕಟ್ಟಿದ್ದೇನೆ.

ಅಕ್ಕ, ಹೊಲಿಗೆ ಮಷಿನ್ ಎಣ್ಣೆ ಎಷ್ಟು ದಿನಕ್ಕೊಮ್ಮೆ ಬಿಡಬೇಕು?

ಚಳ್ಳಕೆರೆ ಟೈಲರ್

ಮಳೆಯಲ್ಲಿ ನೆನೆದ ದಿನ ಒಣಗಿಸಿ ಅವತ್ತೇ ಬಿಡಿ ತಮ್ಮಾ. ಇಲ್ಲದಿದ್ದರೆ ತಿಂಗಳಿಗೊಮ್ಮೆ. ಒಂದು ತೊಟ್ಟು, ಜಾಸ್ತಿ ಬೇಡ, ಧೂಳು ಕೂರುತ್ತದೆ. ಹುಣಸೆಹಣ್ಣಿನ ವಿಷಯ ಯಜಮಾನ್ರು ಹೇಳಿದ್ದು ಗಮನಕ್ಕೆ ಬಂತು. ಅಡಕತ್ತರಿಯ ಬಾಯಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿರುವುದು ಯಾಕೆ ಅಂತ ಈಗ ಗೊತ್ತಾಯಿತು.