ಸಹಾಯ ಬೇಕು: ಮಳೆಗಾಲದಲ್ಲಿ ಮಾಡೆಲ್ ಕಾರಿಗೆ ಪೇಂಟ್, ಜೊತೆಗೆ ಹಳೇ ಡಿಕಾಲ್

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವನು. ಹೈಸ್ಕೂಲಿನಿಂದ ಪ್ಲಾಸ್ಟಿಕ್ ಕಾರ್ ಕಿಟ್ ಜೋಡಿಸುವ ಹುಚ್ಚು, ಈಗ ವಯಸ್ಸು 52, ಹುಚ್ಚು ಇಳಿದಿಲ್ಲ. ಹೆಚ್ಚಿನವು 1/24 ಅಳತೆಯವು, ಅಂದ್ರೆ 4 ಮೀಟರ್ ಕಾರು ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಕಟ್ಟಿದ್ದಕ್ಕಿಂತ ಕಟ್ಟದೆ ಅಟ್ಟಕ್ಕೆ ಹಾಕಿದ ಡಬ್ಬಗಳೇ ಜಾಸ್ತಿ (ಮನೆಯಲ್ಲಿ ಲೆಕ್ಕ ಹೇಳಿಲ್ಲ).

ಮೊನ್ನೆ ಮಳೆಯಲ್ಲಿ ಸುಮ್ನೆ ಕೂರಲಾಗದೆ ಒಂದು ಕೆಂಪು ಬಾಡಿಗೆ ಲ್ಯಾಕರ್ ಸ್ಪ್ರೇ ಹೊಡೆದೆ. ಸ್ವಲ್ಪ ಹೊತ್ತಿಗೆ ಬಾನೆಟ್ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. ತಪ್ಪು ನನ್ನದೇ, ಥಿನ್ನರ್ ಆರುವಾಗ ಬಾಡಿ ತಣ್ಣಗಾಗಿ ಗಾಳಿಯ ತೇವ ಬಂದು ಕೂರುತ್ತದೆ ಅಂತ ಗೊತ್ತಿದ್ದೂ ಮಾಡಿದೆ. ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರ್ ತೆಳ್ಳಗೆ ಹೊಡೆದರೆ ಹೋಗುತ್ತದಂತೆ. ನಮ್ಮ ಕೊಡಗಿನ ಮಳೆಯಲ್ಲೇ ಮಾಡಿ ನೋಡಿದವರು ಇದ್ದೀರಾ, ಇಲ್ಲಾ ಡಿಸೆಂಬರ್‌ವರೆಗೆ ಕಾಯಲಾ?

ಅದಕ್ಕಿಂತ ದೊಡ್ಡ ತಲೆನೋವು ಡಿಕಾಲ್, ಅಂದ್ರೆ ನೀರಲ್ಲಿ ನೆನೆಸಿ ಹಾಳೆಯಿಂದ ಜಾರಿಸಿ ಕಾರಿಗೆ ಅಂಟಿಸುವ ತೆಳ್ಳನೆಯ ನಂಬರ್, ಚಿತ್ರಗಳು. 25 ವರ್ಷ ಹಳೇ ರ‍್ಯಾಲಿ ಕಾರಿನ ಹಾಳೆ, ಪೂರ್ತಿ ಹಳದಿ. ಒಂದು ಸಣ್ಣ ನಂಬರ್ ನೀರಿಗೆ ಹಾಕಿದ್ದೇ ತಡ, ಹಪ್ಪಳದ ಹಾಗೆ ಚೂರು ಚೂರಾಯಿತು. ಉಳಿದದ್ದನ್ನು ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗೆ ಹಿಡಿದರೆ ಹಳದಿ ಇಳಿಯುತ್ತದೆ, ಆದರೆ ಬಿಸಿಲೆಲ್ಲಿದೆ ಇಲ್ಲಿ? ಒಡೆಯದ ಹಾಗೆ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹೊಡೆದು, ಆಮೇಲೆ ಒಂದೊಂದೇ ಕತ್ತರಿಸುವ ಯೋಚನೆ. ಅದೂ ಕೈಕೊಟ್ಟರೆ ಹೊಸದಾಗಿ ಪ್ರಿಂಟ್ ಮಾಡಿಸೋಣ ಅಂತ ಹಾಳೆಯನ್ನು ಸ್ಕ್ಯಾನ್ ಮಾಡಿಟ್ಟುಕೊಂಡಿದ್ದೇನೆ.

ಕುಶಾಲನಗರ ಅಥವಾ ಮೈಸೂರಿನಲ್ಲಿ ವಾಟರ್‌ಸ್ಲೈಡ್ ಪೇಪರ್ (ಡಿಕಾಲ್ ಹಾಳೆ) ಮೇಲೆ ಬಿಳಿ ಬಣ್ಣವನ್ನೂ ಪ್ರಿಂಟ್ ಮಾಡುವವರು ಗೊತ್ತಿದ್ದರೆ ದಯವಿಟ್ಟು ಹೇಳಿ. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಬರುವುದಿಲ್ಲ, ಅಲ್ವಾ. ಸ್ಟಿಕ್ಕರ್ ಅಂಗಡಿಯ ವಿನೈಲ್ ಬೇಡ, ಇಷ್ಟು ಸಣ್ಣ ಕಾರಿಗೆ ಅದು ಕಂಬಳಿ ಹೊದಿಸಿದ ಹಾಗೆ ಕಾಣುತ್ತದೆ.